ಗಸಗಸ ತಿಕ್ಕಿ ಗುಳಿ ಬಿದ್ದ ಹಲ್ಲು, ಅರ್ಧ ತೊಗರಿಬ್ಯಾಳಿಯಷ್ಟು ಸೆರಾಮಿಕ್

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ಭಾನುವಾರದ ನಿಮ್ಮ ಪುರವಣಿಯೊಳಗ ಹಲ್ಲಿನ ಬುಡ ಸವದವರಿಗೆ ಕಂಪ್ಯೂಟರ್‌ನಾಗ ಕಡದ ಸೆರಾಮಿಕ್ (ಪಿಂಗಾಣಿಯಂಥಾದ್ದು) ತುಂಡು ಕೂಡಸ್ತಾರ, ಒಂದ ದಿನದಾಗ ಕೆಲಸ ಮುಗೀತೈತಿ, ಆಮ್ಯಾಲೆ ಜೀವನಪೂರ್ತಿ ಆ ಕಡೆ ನೋಡೂದ ಬ್ಯಾಡ ಅಂತ ಅರ್ಧ ಪುಟ ಬಂದಿತ್ತಲ್ರಿ, ಅದನ್ನ ಓದಿ ಈ ಪತ್ರ ಬರ್ಯಾಕತ್ತೀನಿ. ಸಿಟ್ಟಿನಿಂದ ಅಲ್ಲ. ಅಂಥಾದೊಂದು ತುಂಡು ನನ್ನ ಬಾಯಾಗೂ ಐತಿ, ಎಡಗಡೆ ಮ್ಯಾಲಿನ ಸಾಲಿನಾಗ, ಹದಿನಾಕು ತಿಂಗಳಾತು, ಚಲೋನ ಐತಿ. ಆದ್ರ ಲೇಖನದಾಗ ಮಷಿನ್ ಫೋಟೋ ಇತ್ತು, ನಗೋ ಹುಡುಗಿ ಫೋಟೋ ಇತ್ತು, ಹಲ್ಲು ಯಾಕ ಸವೀತೈತಿ ಅನ್ನೋದರ ಬಗ್ಗೆ ಒಂದ ಸಾಲೂ ಇರಲಿಲ್ಲ. ಅದನ್ನ ಬಿಟ್ಟು ಬರೇ ತುಂಡಿನ ಹಾಡ ಹಾಡೂದಂದ್ರ ಮಾಳಿಗಿ ಎಲ್ಲಿ ಸೋರತೈತಿ ಅಂತ ನೋಡದ ಗ್ವಾಡಿಗೆ ಪೇಂಟ್ ಬಳದಂಗ ಆತು.

ನಾ ಪ್ರೈಮರಿ ಸಾಲಿ ಟೀಚರ್ ಆಗಿದ್ದಾಕಿ, ಈಗ ರಿಟೈರ್ಡ್. ಬಾಗಲಕೋಟೆ, ಹುನಗುಂದ ಕಡೆ ಸಾಲಿಗಳೊಳಗ 31 ವರ್ಷ ಕಲಿಸೀನಿ. ಸೋಮವಾರ ಮುಂಜಾನೆ ಪ್ರಾರ್ಥನಾ ಮುಗಿದ ಕೂಡಲೇ ಉಗುರು, ತಲಿ, ಹಲ್ಲು ಚೆಕ್ ಮಾಡ್ತಿದ್ದೆ, ಯಾರ ಹಲ್ಲು ಹಳದಿ ಇರ್ತಿತ್ತೋ ಅವರನ್ನ ಮುಂದ ಕರದು ‘ಗಸಗಸ ತಿಕ್ಕ್ರಲೇ, ಬೆಳ್ಳಗಾಗೂತನಾ ತಿಕ್ಕ್ರಿ’ ಅಂತ ಹೇಳಿ ಡಸ್ಟರ್ ಹಿಡಕೊಂಡು ಬೋರ್ಡಿನ ಮ್ಯಾಲೆ ಎಡಕ್ಕ ಬಲಕ್ಕ ಎಡಕ್ಕ ಬಲಕ್ಕ ತಿಕ್ಕಿ ತೋರಸ್ತಿದ್ದೆ. ನಾನೂ ಹಂಗ ತಿಕ್ಕತಿದ್ದೆ. ಹಾರ್ಡ್ ಬ್ರಷ್ ಬಿಟ್ಟು ಬ್ಯಾರೆ ತಗೊಂಡಾಕಿ ಅಲ್ಲ, ಮೂರು ವಾರದಾಗ ಅದರ ಎಳಿ ಎಲ್ಲಾ ಹರವಿ ಹಳೇ ಕಸಬರಿಗಿ ಆಗಿರ್ತಿತ್ತು, ನೋಡ್ರಿ ನಾ ಎಷ್ಟು ಸ್ವಚ್ಛ ತಿಕ್ಕತೀನಿ ಅಂತ ಮನ್ಯಾಗ ಹೆಮ್ಮಿಲೆ ಹೇಳ್ತಿದ್ದೆ.

ಐವತ್ತು ದಾಟಿದ ಮ್ಯಾಲೆ ತಣ್ಣನ ನೀರು ಕುಡದ್ರ ಎಡಗಡೆ ಜುಮ್ ಅನ್ನಾಕ ಶುರು ಆತು. ಬ್ಯಾಸಿಗ್ಯಾಗ ಫ್ರಿಜ್ಜಿನ ಮಜ್ಜಿಗಿ ಅಂತೂ ದೂರದ ಮಾತು, ಬಾಯಿ ತೆಗದು ಉಸರ ಎಳಕೊಂಡ್ರೂ ತಲಿತನಾ ಏರತಿತ್ತು. ಉಗುರು ಹಚ್ಚಿ ನೋಡಿದ್ರ ವಸಡಿಗೆ ಹತ್ತಿದಲ್ಲೆ, ಹಲ್ಲಿನ ಕುತ್ತಗಿಗೆ ಕೊಡ್ಲಿಲೆ ಕಚ್ಚು ಹಾಕಿದಂಗ ಗುಳಿ, ಉಗುರು ಅದರಾಗ ಸಿಕ್ಕೊಂಡು ಬಿಡತಿತ್ತು. ಬಾಜೂ ಮನ್ಯಾಕಿ ಹುಳ ಹತ್ತೈತಿ, ಲವಂಗ ಇಡು ಅಂದ್ಳು. ಹುಳಾನೂ ಇಲ್ಲ ಏನೂ ಇಲ್ಲ. ಹುಳಕ ಹಲ್ಲು ಕರ್ರಗಾಗಿ ಮೆತ್ತಗಾಗತೈತಿ, ಇದು ಕಲ್ಲಿನಂಗ ಗಟ್ಟಿ, ಹಳದಿ, ಪಾಲಿಶ್ ಮಾಡಿದಂಗ ಮಿಂಚತಿತ್ತು.

ಅಲ್ಲಿಂದ ನನ್ನ ಫಿಲ್ಲಿಂಗ್ ಪುರಾಣ ಚಾಲೂ. ಒಂದು ಕ್ಲಿನಿಕ್ಕಿಗೆ ಹೋದೆ, ಯಾವುದು ಅಂತ ಬರಿಯಂಗಿಲ್ಲ, ಆ ಡಾಕ್ಟರ್ ಹುಡುಗ ಒಳ್ಳೆವನ, ಕೈನೂ ಹಗರ. ಬಿಳಿ ಫಿಲ್ಲಿಂಗ್ ಹಾಕಿ ನೀಲಿ ಲೈಟ್ ಹಿಡದ, ಐದು ನಿಮಿಷದ ಕೆಲಸ. ಏಳು ತಿಂಗಳಿಗೆ ಒಂದಿನ ರೊಟ್ಟಿ ಜೋಡಿ ಅದೂ ಹೊಟ್ಟಿಗೆ ಹೋತು. ಮತ್ತ ಹೋದೆ, ಮತ್ತ ಹಾಕಿದ, ಮತ್ತ ವರ್ಷದೊಳಗ ಬಿತ್ತು, ಮೂರನೇ ಸಲ ಹೋದಾಗ ‘ನಿಮ್ಮ ಹಲ್ಲಿಗೆ ಹಿಡ್ಯೂದ ಇಲ್ರಿ ಅಮ್ಮಾರ’ ಅಂತ ಹಲ್ಲಿನ ಮ್ಯಾಲ ತಪ್ಪ ಹಾಕಿದ. ಮೂರೂ ಸಲ ರೊಕ್ಕ ಕೊಟ್ಟೀನಿ, ಮೂರೂ ಸಲ ನೀವು ಹಲ್ಲು ಹೆಂಗ ತಿಕ್ಕತೀರಿ ಅಂತ ಒಂದ ಮಾತು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೇಳಿದಾಕಿ ಡೆಂಟಲ್ ಕಾಲೇಜಿನ ಒಬ್ಬಾಕಿ ಪಿಜಿ ಹುಡುಗಿ. ನಮ್ಮ ಕಡೆ ಈ ವಿಷಯದಾಗ ಪುಣ್ಯಾ ಐತ್ರಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಡೆಂಟಲ್ ಕಾಲೇಜು ಅದಾವು, ಆದ್ರ ಮಂದಿ ‘ಕಲಿಯೋ ಹುಡುಗ್ರು ಕೈ ಹಚ್ಚತಾರ’ ಅಂತ ಅಂಜಿ ಹೋಗಂಗಿಲ್ಲ, ನಾನೂ ಅದಕ್ಕ ಹೋಗಿರಲಿಲ್ಲ. ಆಕಿ ನನ್ನ ಬಾಯಿ ನೋಡೂಕಿಂತ ಮೊದಲ ಒಂದು ಪ್ಲಾಸ್ಟರಿನ ಹಲ್ಲಿನ ಸೆಟ್ಟು, ಒಂದು ಬ್ರಷ್ ಕೈಯಾಗ ಕೊಟ್ಟು ತಿಕ್ಕಿ ತೋರಸ್ರಿ ಟೀಚರ್ ಅಂದ್ಳು. ನಾ ಬೋರ್ಡಿನ ಮ್ಯಾಲೆ ತೋರಸ್ತಿದ್ದಂಗ ತೋರಿಸಿದೆ. ಆಕಿ ನಕ್ಕು, ಇದು ಬೋಗಾಣಿ ತಿಕ್ಕೂ ಪದ್ಧತಿ ಆತ್ರಿ, ನೀವು ಬಲಗೈಲೆ ತಿಕ್ಕೋವರು, ಅದಕ್ಕ ನಿಮಗ ಎಡಗಡೆ ಜಾಸ್ತಿ ಸವದೈತಿ ನೋಡ್ರಿ ಅಂತ ಕನ್ನಡಿ ಹಿಡದಳು. ಖರೇನ, ಬಲಗಡೆ ಬರೇ ಗೀರು, ಎಡಗಡೆ ಕೋರೆಹಲ್ಲು ಮತ್ತ ಅದರ ಬಾಜೂದ ಎರಡು ಹಲ್ಲಿಗೆ ಗುಳಿ. ಬಲಗೈಲೆ ತಿಕ್ಕೋವರ ಜೋರು ಬೀಳೂದು ಎಡಗಡೆ ತಿರುವಿನಾಗ. ಮೂವತ್ತು ವರ್ಷದ ಮ್ಯಾಲಾತು ನನ್ನ ಕೈ ಏನ ಮಾಡೈತಿ ಅಂತ ನನಗ ಗೊತ್ತಾಗಿದ್ದು ಅವತ್ತು.

ಆಕಿ ತಿಳಿಸಿ ಹೇಳಿದ್ದು, ಆಮ್ಯಾಲೆ ನಾ ಕೇಳಿ ಕೇಳಿ ತಿಳಕೊಂಡಿದ್ದು ಸೇರಿಸಿ ಬರೀತೀನಿ. ಹಲ್ಲಿನ ಮ್ಯಾಲಿನ ಎನಾಮಲ್ ಅನ್ನೋ ಚಿಪ್ಪು ಹೆಚ್ಚೂಕಡಿಮಿ 96 ಪರ್ಸೆಂಟ್ ಖನಿಜಾನ, ಮೈಯಾಗ ಅದರಷ್ಟು ಗಟ್ಟಿ ಬ್ಯಾರೆ ಏನೂ ಇಲ್ಲ. ಆದ್ರ ತುದಿಯಾಗ ದಪ್ಪ ಇರೋ ಈ ಚಿಪ್ಪು ಬೇರಿನ ಕಡೆ ಬಂದಂಗ ಸೀರಿ ಸೆರಗಿನಂಗ ತೆಳ್ಳಗಾಗಿ ಕುತ್ತಗಿ ಹತ್ರ ಮುಗದ ಹೋಗತೈತಿ. ಅಲ್ಲಿಂದ ಮುಂದ ಬೇರಿಗೆ ಸಿಮೆಂಟಮ್ ಅಂತ ಬ್ಯಾರೆ ಪದರ. ಕೆಲವರಿಗೆ ಈ ಎರಡೂ ಪದರ ಒಂದಕ್ಕೊಂದು ಮುಟ್ಟೂದ ಇಲ್ಲ, ನಡುವ ಸಣ್ಣ ಸಂದಿ ಉಳೀತೈತಿ, ಅಲ್ಲಿ ಒಳಗಿನ ಡೆಂಟಿನ್ ಅನ್ನೋ ಪದರ ಹುಟ್ಟಾನ ಬರಿಮೈಯಾಗ ಇರ್ತೈತಿ. ಡೆಂಟಿನ್‌ದಾಗ ಖನಿಜ 70 ಪರ್ಸೆಂಟ್ ಅಷ್ಟ, ಗಡಸುತನ ಎನಾಮಲ್ಲಿನ ಕಾಲುಭಾಗದ ಆಸುಪಾಸು. ವಸಡು ಒಂಚೂರು ಬೇರಿನ ಕಡೆ ಸರೀತು ಅಂದ್ರ ಬ್ರಷ್ಷು ನೇರ ಹೋಗಿ ಅದಕ್ಕ ತಾಗತೈತಿ. ಡೆಂಟಿನ್ ತುಂಬಾ ಕಣ್ಣಿಗೆ ಕಾಣದ ಕೊಳವಿ, ಒಂದು ಚದರ ಮಿಲಿಮೀಟರ್ ಜಾಗಾದಾಗ ಹತ್ತಾರು ಸಾವಿರ, ಅದರೊಳಗ ನೀರಿನಂಥಾದ್ದು ತುಂಬಿರ್ತೈತಿ, ತಣ್ಣಂದು ತಾಕಿದ ಕೂಡಲೇ ಆ ನೀರು ಸರದು ಒಳಗಿನ ನರಕ್ಕ ಸುದ್ದಿ ಮುಟ್ಟತೈತಿ. ಜುಮ್ ಅನ್ನೋದು ಅದ.

ಬ್ರಷ್ಷು, ಪುಡಿ ಹಲ್ಲು ತಿನ್ನತಾವು ಅಂತ ಅಮೆರಿಕಾದ ಮಿಲ್ಲರ್ ಅನ್ನೋ ದಂತವಿಜ್ಞಾನಿ 1907 ರಾಗ ಪ್ರಯೋಗ ಮಾಡಿ ಬರದಾನಂತ. ಅಂದ್ರ ನಾ ಕಲ್ಲು-ಬಳಪ ಹಿಡ್ಯೂಕಿಂತ ಎಷ್ಟೋ ಮೊದಲ ಗೊತ್ತಿದ್ದ ಮಾತು ನನ್ನ ಕ್ಲಾಸ್‌ರೂಮಿಗೆ ಬಂದ ಇಲ್ಲ. ಪುಡಿ ಅಂದ್ಮ್ಯಾಲೆ ನಮ್ಮ ಮಂದಿ ಏನೇನ ಹಚ್ಚತಾರ ಅಂತ ನಿಮಗ ಹೇಳೂದೇನೈತಿ, ಇದ್ದಲಿ, ಕುಳ್ಳಿನ ಬೂದಿ, ಉಪ್ಪು, ಇಟ್ಟಂಗಿ ಪುಡಿ ಬಣ್ಣದ ಕೆಂಪು ಹಲ್ಲುಪುಡಿ, ನಮ್ಮವ್ವ ಅಂತೂ ಸಾಯೂತನಾ ಮಿಶ್ರಿ ಬಿಡಲಿಲ್ಲ, ಅದರಾಗ ತಂಬಾಕು ಐತಿ ಅನ್ನೋದು ಬ್ಯಾರೆ ಹೊರೆ. ಈಗಿನ ಹುಡುಗ್ರು ಅದ ಇದ್ದಲಿನ್ನ ಕರ್ರಗಿನ ಟ್ಯೂಬಿನಾಗ ಹಾಕಿದ್ರ ಇನ್ನೂರು ರೂಪಾಯಿ ಕೊಟ್ಟು ತರ್ತಾರ. ಪೇಸ್ಟ್ ಎಷ್ಟು ಒರಟು ಅನ್ನಾಕ ಆರ್‌ಡಿಎ ಅಂತ ಒಂದು ಅಳತಿ ಐತಿ, ಅದು 250 ದಾಟಬಾರದು ಅಂತ ಐಎಸ್‌ಒ ಅನ್ನೋ ಅಂತರರಾಷ್ಟ್ರೀಯ ಸಂಸ್ಥಾದ ನಿಯಮಾನೂ ಐತಿ, ಆದ್ರ ನಮ್ಮ ಮನ್ಯಾಗಿನ ಯಾವ ಟ್ಯೂಬ್ ತಿರುವಿ ನೋಡಿದ್ರೂ ಆ ನಂಬರ್ ಸಿಗಲಿಲ್ಲ, ಲವಂಗ ಎಷ್ಟು ಹಾಕ್ಯಾರ ಅಂತ ಮಾತ್ರ ದೊಡ್ಡ ಅಕ್ಷರದಾಗ ಐತಿ.

ಬ್ರಷ್ ಒಂದ ಅಲ್ಲ ಮತ್ತ. ನಮ್ಮ ಭಾವನವರು ವಿಜಯಪುರ ಜಿಲ್ಲಾದ ಇಂಡಿ ಊರಿನವರು, ಲಿಂಬಿ ತ್ವಾಟದವರು, ಇಂಡಿ ಲಿಂಬಿಗೆ ಜಿಐ ಟ್ಯಾಗ್ (ಊರಿನ ಹೆಸರಿನ ಸರಕಾರಿ ಗುರುತು) ಬಂದಾಗಿಂದ ಅವರ ಮಾತ ಬ್ಯಾರೆ ಆಗ್ಯಾವು. ಹೊಟ್ಟಿ ಕರಗಲಿ ಅಂತ ದಿನಾ ಮುಂಜಾನೆ ಬಿಸಿನೀರಿಗೆ ಒಂದು ಲಿಂಬಿ ಹಿಂಡಿ ಕುಡೀತಾರ, ಕುಡದ ಮರುಕ್ಷಣ ಬ್ರಷ್ ಬಾಯಾಗ. ಹುಳಿ ಅಳ್ಯಾಕ ಪಿಎಚ್ ಅಂತ ಲೆಕ್ಕ ಐತಿ, ನಂಬರ್ ಕಡಿಮಿ ಆದಷ್ಟು ಹುಳಿ ಜಾಸ್ತಿ, ಬಾಯಾಗಿನ ಪಿಎಚ್ 5.5 ರ ಕೆಳಗ ಇಳದ್ರ ಎನಾಮಲ್ ಕರಗಾಕ ಚಾಲೂ ಆಗತೈತಿ, ಡೆಂಟಿನ್‌ಗೆ ಅಷ್ಟ ಇಳ್ಯೂದೂ ಬೇಕಾಗಿಲ್ಲ, ಲಿಂಬಿ ರಸದ ಪಿಎಚ್ಚು 2 ರ ಆಜುಬಾಜು. ಹುಳಿ ತಾಗಿ ಮೆತ್ತಗಾದ ಹಲ್ಲಿನ ಮ್ಯಾಲೆ ಬ್ರಷ್ ಎಳದ್ರ ಹಸಿ ಗ್ವಾಡಿ ಕೆತ್ತಿದಂಗ. ಹುಳಿ ತಿಂದ್ರ ಬರೇ ನೀರಿಲೆ ಬಾಯಿ ಮುಕ್ಕಳಿಸಿ ಅರ್ಧ ತಾಸರ ತಡೀರಿ ಅಂತ ಆ ಹುಡುಗಿ ಹೇಳಿದ್ಳು, ಭಾವನವರಿಗೆ ನಾ ಹೇಳೀನಿ, ಕೇಳಿಲ್ಲ. ಎದಿ ಉರಿ, ಹುಳಿತೇಗು ಇರೋರಿಗೂ ಇದ ಪಾಡು. ಇನ್ನ ರಾತ್ರಿ ನಿದ್ದಿಯೊಳಗ ಹಲ್ಲು ಕಡಿಯೋರಿಗೆ ಹಲ್ಲು ಬಾಗಿ ಬಾಗಿ ಕುತ್ತಗಿಯಾಗ ಚಕ್ಕಿ ಹಾರತೈತಿ ಅಂತ ಒಂದು ವಾದ, ಅಬ್‌ಫ್ರಾಕ್ಷನ್ ಅಂತಾರ, 1991 ರಾಗ ಗ್ರಿಪ್ಪೋ ಅನ್ನೋರು ಇಟ್ಟ ಹೆಸರು, ಅದನ್ನ ಒಪ್ಪೋರೂ ಅದಾರ ಒಪ್ಪದವರೂ ಅದಾರ. ಒಬ್ಬರ ಬಾಯಾಗ ಬರೇ ಒಂದ ಕಾರಣ ಇರೂದು ಕಡಿಮಿ ಅಂತ ಮಾತ್ರ ಎಲ್ಲಾರೂ ಹೇಳ್ತಾರ.

ಇನ್ನೊಂದು ಮಾತು ನಮ್ಮ ಜಿಲ್ಲಾದವರಿಗಂತನ ಬರೀಬೇಕು. ಹುನಗುಂದ ಕಡೆ ನಾ ಇದ್ದ ಊರಾಗ ಬೋರಿನ ನೀರಿನೊಳಗ ಫ್ಲೋರೈಡ್ ಜಾಸ್ತಿ ಇತ್ತು, ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತಾರಲ್ಲ, ಅಲ್ಲಿ ದಾಟಿತ್ತು. ಹುಡುಗ್ರ ಹಲ್ಲಿನ ಮ್ಯಾಲೆ ಹಳದಿ, ಕಂದು ಪಟ್ಟಿ. ಆ ಕಲಿ, ಹಲ್ಲು ವಸಡಿನೊಳಗ ಬೆಳ್ಯೂ ಮುಂದ ಎನಾಮಲ್ ಒಳಗ ಕುಂತ ಕಲಿ, ಮ್ಯಾಲಿಂದ ಎಷ್ಟ ತಿಕ್ಕಿದ್ರೂ ಹೋಗೂದಲ್ಲ. ನಾ ಅದನ್ನ ಕೊಳಿ ಅಂತ ತಿಳದು ಆ ಹುಡುಗ್ರನ್ನ ಮುಂದ ನಿಲ್ಲಿಸಿ ತಿಕ್ಕ್ರಿ ತಿಕ್ಕ್ರಿ ಅಂದೀನಿ, ಅವರ ಮದಿವಿ ವಯಸ್ಸಿಗೆ ಬಂದಾಗ ಹಲ್ಲು ಬೆಳ್ಳಗ ಕಾಣಲಿ ಅಂತ ಮತ್ತೂ ಜೋರು ತಿಕ್ಕ್ಯಾರ. ಒಬ್ಬಾಕಿ ಮೊನ್ನೆ ಬಸ್ ಸ್ಟ್ಯಾಂಡಿನಾಗ ಸಿಕ್ಕಿದ್ಳು, ಮೂವತ್ತೈದರ ಆಕಿ, ಸೆರಗು ಅಡ್ಡ ಹಿಡದು ಮಾತಾಡ್ತಾಳ, ಕಲಿ ಹಂಗ ಐತಿ, ಕೆಳಗ ಗುಳಿ ಮಾತ್ರ ಹೊಸದು. ರಾತ್ರಿ ನಿದ್ದಿ ಹತ್ತಲಿಲ್ರಿ ನನಗ.

ಈಗ ಫಿಲ್ಲಿಂಗ್ ಯಾಕ ಬೀಳತೈತಿ ಅನ್ನೋದಕ್ಕ ಬರ್ತೀನಿ, ಯಾಕಂದ್ರ ಸೆರಾಮಿಕ್ ಬಂದಿದ್ದ ಇದರ ಸಲುವಾಗಿ. ಬಿಳಿ ಫಿಲ್ಲಿಂಗ್ ಅಂದ್ರ ಕಾಂಪೋಸಿಟ್, ರೆಸಿನ್ ಅನ್ನೋ ಪ್ಲಾಸ್ಟಿಕ್ಕಿನಂಥಾ ಅಂಟಿನಾಗ ಗಾಜಿನ ಪುಡಿ ಕಲಸಿದ್ದು, ನೀಲಿ ಲೈಟಿಗೆ ಗಟ್ಟಿ ಆಗೂ ಮುಂದ 2-3 ಪರ್ಸೆಂಟ್ ಕುಗ್ಗತೈತಿ. ಗುಳಿಯ ತುದಿ ಕಡೆ ಅಂಚು ಎನಾಮಲ್, ಅಲ್ಲಿ ಹಿಡಿತ ಬಿಗಿ, ವಸಡಿನ ಕಡೆ ಅಂಚು ಬರೇ ಡೆಂಟಿನ್, ಅಲ್ಲಿ ಸಡಿಲ, ಕುಗ್ಗಿದಾಗ ಸಡಿಲ ಇದ್ದ ಕಡೆಯಿಂದ ಬಾಯಿ ಬಿಡತೈತಿ. ವರ್ಷಗಟ್ಟಲೆ ತಿಕ್ಕಿ ಮಿಂಚು ಬಂದ ಡೆಂಟಿನ್ನಿನ ಕೊಳವಿ ಎಲ್ಲಾ ಖನಿಜ ತುಂಬಿ ಮುಚ್ಚಿಕೊಂಡಿರ್ತಾವು, ಅಂಟು ಒಳಗ ಇಳ್ಯಾಕ ಜಾಗಾ ಇರಂಗಿಲ್ಲ. ವಸಡಿನ ಸಂದಿಂದ ಸದಾ ಹಸಿ ಜಿನಗತಿರ್ತೈತಿ. ಅದೂ ಸಾಲದಂತ ರೊಟ್ಟಿ ಅಗಿದಾಗೊಮ್ಮೆ ಹಲ್ಲು ಕೂದಲೆಳಿಯಷ್ಟು ಬಾಗತೈತಿ. ಇಷ್ಟೆಲ್ಲಾ ಇರೂ ಮುಂದ ಆ ಹುಡುಗ ಡಾಕ್ಟರ್‌ನ ಫಿಲ್ಲಿಂಗ್ ಏಳು ತಿಂಗಳು ನಿಂತಿದ್ದ ದೊಡ್ಡದು ಅನಸತೈತಿ ಈಗ. ಗ್ಲಾಸ್ ಅಯೊನೊಮರ್ ಅಂತ ಇನ್ನೊಂದು ಐತಿ, ಲಂಡನ್ನಿನಾಗ ವಿಲ್ಸನ್, ಕೆಂಟ್ ಅನ್ನೋರು 1970 ರ ದಶಕದ ಶುರುವಿನಾಗ ತಂದಿದ್ದು, ಅದು ಹಲ್ಲಿನ ಕ್ಯಾಲ್ಸಿಯಂ ಜೋಡಿ ತಾನ ಗಂಟು ಹಾಕ್ಕೋತೈತಿ, ಈ ಜಾಗಾದಾಗ ಬೀಳೂದು ಅದು ಕಡಿಮಿ, ಸೋವಿನೂ ಹೌದು, ಆದ್ರ ನೋಡಾಕ ಚಂದ ಇಲ್ಲ, ಬರಬರ್ತಾ ಮೈ ಒರಟಾಗಿ ಕಲಿ ಹಿಡೀತೈತಿ.

ಸೆರಾಮಿಕ್ಕಿನ ಯುಕ್ತಿ ಏನಪಾ ಅಂದ್ರ ಕುಗ್ಗೂದು ಬಗ್ಗೂದು ಎಲ್ಲಾ ಫ್ಯಾಕ್ಟರಿಯೊಳಗ ಮುಗಿಸಿಕೊಂಡು ಬಂದ ಸಣ್ಣ ಸೆರಾಮಿಕ್ ಇಟ್ಟಂಗಿಯಿಂದ ಗುಳಿಗೆ ಸರಿ ಹೊಂದೂ ತುಂಡು ಕಡದು ಅಂಟಿಸೂದು. ಆಗ ಬಾಯಾಗ ಕುಗ್ಗಾಕ ಉಳ್ಯೂದು ನಡುವಿನ ತೆಳ್ಳನ ಅಂಟಿನ ಪದರ ಅಷ್ಟ. ಹಸಿ ಮಣ್ಣು ಮೆತ್ತೂದಕ್ಕೂ ಸುಟ್ಟ ಹಂಚು ಕೂಡಸೂದಕ್ಕೂ ಇರೋ ಫರಕು.

ನನಗ ಮಾಡಿದ್ದು ಹಿಂಗ. ಮೊದಲು ವಸಡು ಸರಿಸಾಕ ಒಂದು ದಾರ ಹಲ್ಲಿನ ಸುತ್ತ ತುರುಕಿದ್ರು, ನಾ ಗುಳೇದಗುಡ್ಡದ ಮಗಳು, ಖಣದ ಮಗ್ಗದ ಮುಂದ ಬೆಳದಾಕಿ, ನೂಲು ತುರುಕಿದ ಕೂಡಲೇ ಇದು ನಮ್ಮ ಕಸುಬ ಬಿಡ್ರಿ ಅಂದೆ, ಬಾಯಾಗ ಹತ್ತಿ ಇದ್ದದ್ದಕ್ಕ ಯಾರಿಗೂ ತಿಳೀಲಿಲ್ಲ. ಗುಳಿಯ ಒಳಗಿನ ಚೂಪು ಮೂಲಿ ಒಂಚೂರು ಗುಂಡಗ ಮಾಡಿದ್ರು, ಯಾಕಂದ್ರ ಕಡಿಯೋ ಮಷಿನ್ನಿನ ಬರ್ ಅನ್ನೋ ವಜ್ರದ ಕಡ್ಡಿ ಸುಮಾರು ಒಂದು ಮಿಲಿಮೀಟರ್ ದಪ್ಪ, ಅದಕ್ಕಿಂತ ಸಣ್ಣ ಮೂಲಿ ಅದಕ್ಕ ಕಡ್ಯಾಕ ಬರಂಗಿಲ್ಲ. ಆಮ್ಯಾಲೆ ಟಾರ್ಚಿನಂಥಾ ಸ್ಕ್ಯಾನರ್ ಬಾಯಾಗ ಆಡಿಸಿದ್ರು. ಮೊದಲೆಲ್ಲಾ ಅಳತಿ ಅಂದ್ರ ತಟ್ಟಿಯಾಗ ಕಲಸಿದ ಹಿಟ್ಟು ಬಾಯಾಗ ತುಂಬಿ ವಾಂತಿ ಬರಸ್ತಿದ್ರಲ್ರಿ, ಅದಿಲ್ಲ. ಸ್ಕ್ರೀನಿನ ಮ್ಯಾಲೆ ನನ್ನ ಹಲ್ಲು ಬುಗುರಿಯಂಗ ತಿರುಗತಿತ್ತು, ಗುಳಿ ಅಷ್ಟು ದೊಡ್ಡದು ಕಂಡು ನನಗ ನಾಚಿಕಿ ಬಂತು.

ಬಣ್ಣ ಆರಿಸೂ ಮುಂದ ಸಣ್ಣ ಜಗಳ. ನಾ ಎಲ್ಲಾಕಿಂತ ಬೆಳ್ಳಗಿಂದು ಹಾಕ್ರಿ ಅಂದೆ. ಹಲ್ಲಿನ ಕುತ್ತಗಿ ತುದಿಗಿಂತ ಯಾವಾಗ್ಲೂ ಹಳದಿ ಟೀಚರ್, ಬೆಳ್ಳಗಿಂದು ಹಾಕಿದ್ರ ಸೀರಿಗೆ ತ್ಯಾಪಿ ಹಚ್ಚಿದಂಗ ಕಾಣತೈತಿ ಅಂತ ಆಕಿ ಒಪ್ಪಲಿಲ್ಲ. ಪೆಪ್ಪರಮೆಂಟಿನಷ್ಟು ಚೌಕ ಸೆರಾಮಿಕ್ ಬ್ಲಾಕ್ ಮಷಿನ್ನಿಗೆ ಸಿಗಿಸಿದ್ರು, ಎರಡು ಬರ್ ಎರಡೂ ಕಡೆಯಿಂದ ನೀರು ಚಿಮುಕಿಸಿಕೋತ ಕಡದ್ವು, ದೂರದಾಗ ಹಿಟ್ಟಿನ ಗಿರಣಿ ನಡದಂಗ ಸಪ್ಪಳ, ಕಾಲು ತಾಸೂ ಹಿಡೀಲಿಲ್ಲ. ಹೊರಗ ಬಂದ ತುಂಡು ಅರ್ಧ ತೊಗರಿಬ್ಯಾಳಿಯಷ್ಟು. ಇಷ್ಟಕ್ಕ ಇಷ್ಟು ಮಷಿನ್ನಾ ಅಂತ ಅನಸ್ತು ನೋಡ್ರಿ. ಕೈ ಜಾರಿ ಬಿದ್ರ ಹುಡುಕೂದ ಆಗಂಗಿಲ್ಲ ಅಂತ ಅಂಟು ತುದಿಯ ಕಡ್ಡಿಗೆ ಹಚ್ಚಿ ಹಿಡದಿದ್ರು. ಅದರ ಒಳಮೈಗೆ ಹೈಡ್ರೋಫ್ಲೋರಿಕ್ ಆಸಿಡ್ ಹಚ್ಚಿ, ಗಾಜು ತಿನ್ನೋ ಆಸಿಡ್ ಅದು, ಬಾಯಿ ಹೊರಗ ಇಟಗೊಂಡನ ಮಾಡ್ತಾರ, ಒಂದು ನಿಮಿಷ ಬಿಟ್ಟು ತೊಳದು, ಸೈಲೇನ್ ಅಂತ ಒಂದು ನೀರು ಸವರಿ, ಹಲ್ಲಿಗೆ ಬ್ಯಾರೆ ಅಂಟು ಹಚ್ಚಿ, ರೆಸಿನ್ ಸಿಮೆಂಟ್ ಹಾಕಿ ಕೂಡಿಸಿ ಲೈಟ್ ಹಿಡದ್ರು. ಹಸಿ ತಾಗಬಾರದು ಅಂತ ಇಷ್ಟೂ ಹೊತ್ತು ಬಾಯಿಗೆ ರಬ್ಬರ್ ಹಾಳಿ. ಕಡೀಕ ಪಾಲಿಶ್ ಮಾಡೂ ಕೆಲಸಾನ ಅರ್ಧ ತಾಸು ತಗೊಂತು, ವಸಡಿನ ಬಾಜೂ ಒರಟು ಉಳದ್ರ ಅಲ್ಲೆ ಕೊಳಿ ಕೂತು ವಸಡು ಬಾಯತೈತಿ. ಕಡ್ಯೂದು ಮಷಿನ್ ಮಾಡಿದ್ರೂ ನಿಲ್ಲೂದು ಬೀಳೂದು ಈ ಅಂಟಿಸೂ ಕೈ ಮ್ಯಾಲ ಅಂತ ನನಗ ಅನಿಸಿದ್ದು.

ಈ ಇಡೀ ಪದ್ಧತಿ ಹೊಸದೇನಲ್ರಿ. ನಿಮ್ಮ ಲೇಖನದಾಗ ‘ನಿನ್ನೆ ಮೊನ್ನೆ ಬಂದ ತಂತ್ರಜ್ಞಾನ’ ಅಂತ ಇತ್ತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಯೂನಿವರ್ಸಿಟಿಯೊಳಗ ಮಾರ್ಮನ್ ಅನ್ನೋ ಹಲ್ಲಿನ ಡಾಕ್ಟರು, ಬ್ರಾಂಡೆಸ್ತಿನಿ ಅನ್ನೋ ಇಂಜಿನಿಯರು ಕೂಡಿ ಪೇಶಂಟ್ ಕುರ್ಚಿ ಬಾಜೂನ ಸ್ಕ್ಯಾನ್ ಮಾಡಿ ಸೆರಾಮಿಕ್ ಕಡದು ಕೂಡಿಸಿದ್ದು 1985 ರಾಗ. ಆಗ ನಮ್ಮ ಸಾಲ್ಯಾಗ ಕರೆಂಟ್ ಇರಲಿಲ್ಲ. ನಮ್ಮ ಕಡೆ ಈಗ ಬಂದೈತಿ ಅನ್ನೋದು ಖರೆ, ಅದೂ ಎಲ್ಲಾ ಕಡೆ ಇಲ್ಲ, ಮಷಿನ್ ಲಕ್ಷಗಟ್ಟಲೆ, ಭಾಳ ಕ್ಲಿನಿಕ್ಕಿನವರು ಸ್ಕ್ಯಾನ್ ಅಷ್ಟ ಮಾಡಿ ಫೈಲ್ ದೊಡ್ಡ ಊರಿನ ಲ್ಯಾಬಿಗೆ ಕಳಸ್ತಾರ, ತುಂಡು ಬರಾಕ ದಿನಾ ಹಿಡೀತಾವು, ಹಂಗಾಗಿ ‘ಒಂದ ದಿನದಾಗ’ ಅನ್ನೋ ಮಾತೂ ಎಲ್ಲಾರಿಗೂ ಹೊಂದಂಗಿಲ್ಲ.

ಮತ್ತ ಸೆರಾಮಿಕ್ ಅಂದ್ರ ಎಲ್ಲಾ ಒಂದ ಅಲ್ಲ, ಇದನ್ನ ಲೇಖನದವರು ಪೂರಾ ಮರತಾರ. ಜಿರ್ಕೋನಿಯಾ ಹಲ್ಲಿನ ಕ್ಯಾಪಿಗೆ ಹೆಸರಾದದ್ದು, ಭಾಳ ಗಟ್ಟಿ, ಆದ್ರ ಆ ಗಾಜು ತಿನ್ನೋ ಆಸಿಡ್ ಅದಕ್ಕ ನಾಟಂಗಿಲ್ಲ, ಬರೇ ಅಂಟಿನ ಮ್ಯಾಲ ನಿಲ್ಲಬೇಕಾದ ಇಂಥಾ ಸಣ್ಣ ತುಂಡಿಗೆ ಅದು ಒಗ್ಗೂದಲ್ಲ. ಲಿಥಿಯಂ ಡೈಸಿಲಿಕೇಟ್ ಅಂತ ಇನ್ನೊಂದು, ಕಡ್ಯೂ ಮುಂದ ನೀಲಿ ಬಣ್ಣ, 840 ಡಿಗ್ರಿ ಆಸುಪಾಸಿನ ಒಲಿಯಾಗ ಇಟ್ಟು ತಗದ್ರ ಹಲ್ಲಿನ ಬಣ್ಣ, ಮಾಯಾ ಇದ್ದಂಗ. ಆದ್ರ ಬಾಗೂದು ಕಡಿಮಿ. ಬಾಗದ ಬಿಗುವು ಅಳ್ಯಾಕ ಗಿಗಾಪಾಸ್ಕಲ್ ಅಂತ ಲೆಕ್ಕ ಐತಿ, ನಂಬರ್ ದೊಡ್ಡದಾದಷ್ಟು ಬಾಗೂದು ಕಡಿಮಿ, ಡೆಂಟಿನ್‌ದು 18 ರ ಸುತ್ತಮುತ್ತ, ಲಿಥಿಯಂದು 95, ಜಿರ್ಕೋನಿಯಾದ್ದು 200 ರ ಮ್ಯಾಲೆ. ನನಗ ಹಾಕಿದ್ದು ಹೈಬ್ರಿಡ್ ಸೆರಾಮಿಕ್, ತೂಕದಾಗ 86 ಪಾಲು ಸೆರಾಮಿಕ್ಕಿನ ಜಾಳಿಗಿ, ಅದರ ಸಂದಿಯೊಳಗ 14 ಪಾಲು ಪಾಲಿಮರ್ (ಪ್ಲಾಸ್ಟಿಕ್ಕಿನಂಥಾದ್ದು), ಈ ಹೈಬ್ರಿಡ್ಡಿನ ಲೆಕ್ಕ 30 ರ ಆಸುಪಾಸು. ಹಲ್ಲು ಬಾಗಿದಾಗ ಇದೂ ಒಂಚೂರು ಜೋಡಿಗೆ ಬಾಗತೈತಿ, ತೆಳ್ಳನ ಅಂಚು ಕಡ್ಯೂ ಮುಂದ ಚಕ್ಕಿ ಏಳೂದೂ ಕಡಿಮಿ. ಗಟ್ಟಿ ಇದ್ದದ್ದ ಚಲೋ ಅಂತ ತಿಳದ ನನ್ನಂಥಾ ಹಾರ್ಡ್ ಬ್ರಷ್ ಮಂದಿಗೆ ಇದು ತಿಳ್ಯಾಕ ಸ್ವಲ್ಪ ಹೊತ್ತ ಹಿಡೀತು.

ರೊಕ್ಕದ ಮಾತು. ಕಾಲೇಜಿನಾಗ ನನಗ ಆ ಒಂದು ಹಲ್ಲಿಗೆ ಬಿದ್ದದ್ದು ಮೂರು ಸಾವಿರದ ಮ್ಯಾಲೆ, ಪ್ರೈವೇಟಿನಾಗ ಇದಕ್ಕ ಏಳು ಸಾವಿರ ಹೇಳಿದ್ರು, ಅದ ಗುಳಿಗೆ ಗ್ಲಾಸ್ ಅಯೊನೊಮರ್ ಆದ್ರ ಐದುನೂರರೊಳಗ ಮುಗೀತಿತ್ತು. ನನಗ ನಾಕು ಹಲ್ಲು ಸವದಿದ್ವು, ನಾಕಕ್ಕೂ ಸೆರಾಮಿಕ್ ಹಾಕ್ರಿ ಪೆನ್ಶನ್ ಬರ್ತೈತಿ ಅಂದೆ. ಆಕಿ ಹಾಕಲಿಲ್ಲ. ನಕ್ಕಾಗ ಕಾಣೂ, ಆಳ ಇದ್ದ, ಮೂರು ಸಲ ಫಿಲ್ಲಿಂಗ್ ಬಿದ್ದ ಒಂದಕ್ಕ ಅಷ್ಟ ಸೆರಾಮಿಕ್, ಹಿಂದಿನ ಎರಡಕ್ಕ ಗ್ಲಾಸ್ ಅಯೊನೊಮರ್, ಬಲಗಡೆ ಗೀರಿಗೆ ಏನೂ ಬ್ಯಾಡ, ಜುಮ್ ಅಂದ್ರ ಸೆನ್ಸಿಟಿವ್ ಪೇಸ್ಟ್ ಹಚ್ಚರಿ, ಆರು ತಿಂಗಳಿಗೊಮ್ಮೆ ಬಂದು ತೋರಸ್ರಿ, ಸವೆತ ನಿಂತ್ರ ಅದನ್ನ ಮುಟ್ಟೂದ ಬ್ಯಾಡ ಅಂದ್ಳು. ಸೆರಾಮಿಕ್ ಹಾಕಾಕ ಗುಳಿ ಸ್ವಲ್ಪ ತಿದ್ದಬೇಕಾಗತೈತಿ, ಅಂದ್ರ ಇದ್ದ ಹಲ್ಲು ಇನ್ನೊಂಚೂರು ಹೋಗತೈತಿ, ಸಣ್ಣ ಗೀರಿಗೆ ಅದು ಲುಕ್ಸಾನು. ಜೀವನಪೂರ್ತಿ ಇರ್ತೈತೇನವಾ ಅಂತ ನಾನೂ ಕೇಳಿದ್ದೆ. ‘ಹಾರ್ಡ್ ಬ್ರಷ್ ಹಿಡದ್ರ ಸೆರಾಮಿಕ್ ಉಳೀಬಹುದು ಟೀಚರ್, ಅದರ ಕೆಳಗ ಹೊಸ ಗುಳಿ ಬೀಳತೈತಿ, ಆಗ ಸೆರಾಮಿಕ್ಕು ಚಾವಣಿಯಂಗ ಮ್ಯಾಲ ನಿಂತಿರ್ತೈತಿ’ ಅಂದ್ಳು. ಅದಕ್ಕ ಜೀವನಪೂರ್ತಿ ಅನ್ನೋ ನಿಮ್ಮ ಸಾಲಿಗೆ ಒಂದು ತಿದ್ದುಪಡಿ ಹಾಕ್ರಿ ಅಂತ ಕೇಳ್ಕೋತೀನಿ. ಬಾಯಾಗ ಹಾಕಿದ್ದು ಯಾವುದಕ್ಕೂ ಆ ಗ್ಯಾರಂಟಿ ಕೊಡಾಕ ಬರಂಗಿಲ್ಲ, ಕೊಡೋರಿದ್ರ ಅವರ ಕಡೆ ಲೆಟರ್‌ಹೆಡ್ ಮ್ಯಾಲೆ ಬರಸ್ಕೊಂಡು ಅಚ್ಚು ಹಾಕ್ರಿ.

ಡಾಕ್ಟರ್ ಮಂದಿಗೂ ಒಂದು ವಿನಂತಿ. ಬಿಲ್ಲಿನ ಮ್ಯಾಲೆ ಬರೇ ‘ಫಿಲ್ಲಿಂಗ್ - 1’ ಅಂತ ಬರೀಬ್ಯಾಡ್ರಿ, ಯಾವ ಮಟೀರಿಯಲ್ಲು, ಯಾವ ಹಲ್ಲು ಅಂತ ಬರೀರಿ. ನನ್ನ ಮೂರು ಹಳೇ ಬಿಲ್ಲು ತಗೊಂಡು ಕಾಲೇಜಿಗೆ ಹೋದಾಗ ಬಿದ್ದ ಫಿಲ್ಲಿಂಗ್ ಏನಿತ್ತು ಅಂತ ಆ ಕಾಗದ ನೋಡಿ ಯಾರಿಗೂ ತಿಳೀಲಿಲ್ಲ. ಮಂಗಳಸೂತ್ರಕ್ಕ ಗುಂಡು ಹಾಕಿಸಿದ್ರ ಅಕ್ಕಸಾಲಿ ಚೀಟಿಯಾಗ ಎಷ್ಟು ಕ್ಯಾರೆಟ್ ಅಂತ ಬರೀತಾನ, ಬಾಯಾಗ ಏನ ಹಾಕ್ಯಾರ ಅಂತ ಒಂದು ಸಾಲು ಬರದ್ರ ಏನ ಹೋಗತೈತಿ. ಮತ್ತ ಗುಳಿ ಕಂಡ ಕೂಡಲೇ ಬ್ರಷ್ ಹಿಡದು ತೋರಸ್ರಿ ಅಂತ ಒಮ್ಮೆ ಕೇಳ್ರಿ, ಅದಕ್ಕ ಸ್ಕ್ಯಾನರ್ ಬೇಕಾಗಿಲ್ಲ.

ನಾ ಈಗ ಸಾಫ್ಟ್ ಬ್ರಷ್ಷಿಲೆ ಪೆನ್ನು ಹಿಡದಂಗ ಎರಡು ಬೆರಳಾಗ ಹಿಡದು, ವಸಡಿನ ಕಡೆ ಓರಿ ಮಾಡಿ, ಒಂದೊಂದ ಕಡೆ ಸಣ್ಣಂಗ ಸುತ್ತು ಹಾಕಿ ತಿಕ್ಕತೀನಿ, ಎರಡು ನಿಮಿಷ. ಮೊದಲಿಗೆ ತಿಕ್ಕಿದಂಗ ಅನಸ್ತಿರಲಿಲ್ಲ, ಬಾಯಿ ಹೊಲಸ ಉಳದಂಗ ಅನಸ್ತಿತ್ತು, ರೂಢಿ ಆಗಾಕ ಎರಡು ತಿಂಗಳ ಬೇಕಾತು. ಬ್ರಷ್ಷು ಈಗ ಮೂರು ತಿಂಗಳಾದ್ರೂ ಹರವಂಗಿಲ್ಲ. ನಮ್ಮ ಮನಿ ಹತ್ರದ ಸಾಲಿಗೆ ಹೋಗಿ, ಸೋಮವಾರ ಹಲ್ಲು ಚೆಕ್ ಮಾಡೂ ಮುಂದ ನಾ ಹತ್ತು ನಿಮಿಷ ಮಾತಾಡ್ತೀನಿ ಅಂತ ಹೆಡ್‌ಮಾಸ್ಟರಿಗೆ ಕೇಳೀನಿ, ಬರ್ರಿ ಅಂದಾರ. ಡಸ್ಟರ್ ಮುಟ್ಟಂಗಿಲ್ಲ, ಪ್ಲಾಸ್ಟರ್ ಹಲ್ಲಿನ ಸೆಟ್ಟೊಂದು ಆ ಪಿಜಿ ಹುಡುಗಿ ಕಡೆ ಕೇಳಿ ಇಟಗೊಂಡೀನಿ.

ಪತ್ರ ಉದ್ದ ಆತು, ಜಾಗಾ ಇಲ್ಲಂದ್ರ ಲಿಂಬಿದು ಬೇಕಾದ್ರ ತಗೀರಿ, ಭಾವನವರೂ ನಿಮ್ಮ ಪೇಪರ್ ಓದ್ತಾರ. ಆದ್ರ ಹುನಗುಂದದ ಹಳದಿ ಹಲ್ಲಿನ ಹುಡುಗ್ರ ಮಾತು ತಗೀಬ್ಯಾಡ್ರಿ, ಅವರೊಳಗ ಯಾರರ ಓದಿದ್ರ ಟೀಚರ್ ಹೇಳಿದ್ದು ತಪ್ಪಿತ್ತು ಅಂತ ತಿಳೀಲಿ. ಹೆಸರು ಮಾತ್ರ ಹಾಕಬ್ಯಾಡ್ರಿ, ಊರು ಹಾಕಿದ್ರ ಸಾಕು, ಅವರು ಗುರುತು ಹಿಡೀತಾರ.

ನಿಮ್ಮ ಓದುಗಳು,
ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ
ನವನಗರ, ಬಾಗಲಕೋಟೆ